ಷಡ್ಡಕನ ಅಂದಾಜು

ನನ್ನ ಹೆಂಡತಿಯ ತಂಗಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಅಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದ. ನನಗಿಂತ ಆರು ವರ್ಷ ಚಿಕ್ಕವನು, ಬಾಯಿ ತುಂಬ ಅಣ್ಣ ಅನ್ನುತ್ತಿದ್ದ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನು ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂಬತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಹಣ್ಣನ್ನು ಬೆರಳಲ್ಲಿ ಹಿಸುಕಿ ಯಾವ ಸೀಮೆಯದು, ತೇವ ಎಷ್ಟಿದೆ ಎಂದು ಹೇಳಬಲ್ಲೆ ಅನ್ನುವ ಹೆಮ್ಮೆ ನನ್ನದು. ನಮ್ಮ ಮಾವನ ಊರು ಕಂಬದೂರಿನ ಹತ್ತಿರ. ಅವರ ಹೊಲದ ಬದುವಿನಲ್ಲಿ ನಾಲ್ಕು ಹುಣಸೆ ಮರಗಳಿದ್ದವು. ಒಂದು ಸಂಕ್ರಾಂತಿಗೆ ಇಬ್ಬರು ಅಳಿಯಂದಿರೂ ಹೋಗಿದ್ದಾಗ, ಯಾರೋ ವ್ಯಾಪಾರಿ ಮರದ ಮೇಲಿನ ಫಸಲನ್ನೇ ಕೇಳುತ್ತಿದ್ದಾನೆ, ಎಷ್ಟು ಮೂಟೆ ಇಳಿಯಬಹುದು ಎಂದು ಮಾವ ನನ್ನನ್ನು ಕೇಳಿದರು. ಕೂತಲ್ಲಿಂದಲೇ ಕತ್ತೆತ್ತಿ ನೋಡಿ ಹನ್ನೆರಡು ಅಂದೆ. ಷಡ್ಡಕ ಎದ್ದು ಹೋಗಿ ಒಂದೊಂದು ಮರವನ್ನೂ ಸುತ್ತಿ, ಒಂದು ಕೊಂಬೆ ಬಗ್ಗಿಸಿ ಕಾಯಿ ಮುರಿದು ನೋಡಿ, ಹದಿನೆಂಟು ಅಂದ. ಮಾವ ಮಾರದೆ ತಾವೇ ಆಳು ಹಚ್ಚಿ ಮರ ಬಡಿಸಿದರು. ಹದಿನೆಂಟು ಮೂಟೆ ತುಂಬಿ, ಮೇಲೆ ಒಂದು ಪುಟ್ಟಿ ಉಳಿಯಿತು.

"ಕಿರಿ ಅಳಿಯಂದ್ರ ಕಣ್ಣು ತಕ್ಕಡಿ ಕಣಪ್ಪ," ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು. ಅಲ್ಲಿಂದ ಮುಂದೆ ಬೆಳುಗುಪ್ಪದವರು, ಸೋಮಂದೇಪಲ್ಲಿ ಕಡೆಯವರು ಮರ ತೋರಿಸಲು ಅವನನ್ನು ಹುಡುಕಿಕೊಂಡು ಬರತೊಡಗಿದರು. ಅವನೂ ನಾಲ್ಕೈದು ಜನ ಪಾಲುದಾರರನ್ನು ಕಟ್ಟಿಕೊಂಡು, ಫಸಲನ್ನು ಮರದ ಮೇಲೇ ಗುತ್ತಿಗೆಗೆ ಕೊಂಡು ತೋಪು ಹಿಡಿಯಲು ಶುರುಮಾಡಿದ. ವ್ಯಾಪಾರದ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಅವನನ್ನೊಂದು ಮಾತು ಕೇಳಬಾರದೇ ಅನ್ನುತ್ತಿದ್ದಳು. ಮಂಡಿಯಲ್ಲಿ ಹದಿನೈದು ವರ್ಷ ಕೂತವನು ಸೈಕಲ್ ಶಾಪಿನವನನ್ನು ಕೇಳಬೇಕೆ?

ಒಂದು ಕಾರ್ತಿಕದಲ್ಲಿ ಸೋಮಂದೇಪಲ್ಲಿ ಹತ್ತಿರದ ಹಳ್ಳಿಯಲ್ಲಿ ಕೆರೆ ಏರಿಯ ಹುಣಸೆ ತೋಪಿನ ಹರಾಜಿತ್ತು. ಸೈಟಿಗೆಂದು ಕೂಡಿಟ್ಟಿದ್ದ ದುಡ್ಡನ್ನು ಬ್ಯಾಂಕಿನಿಂದ ತೆಗೆದು, ಮನೆಯಲ್ಲಿ ಹೇಳದೆ ಹೋದೆ. ಅವನೂ ಪಾಲುದಾರರೊಂದಿಗೆ ಬಂದಿದ್ದ. ನನ್ನನ್ನು ಕಂಡು ಜಗಲಿಯ ಮೇಲೆ ಸರಿದು ಜಾಗ ಕೊಟ್ಟು, ತಮ್ಮ ಜತೆಗೇ ಪಾಲಿಗೆ ಸೇರಿಕೊಳ್ಳಿ ಎಂದು ಕರೆದ. ಸುಮ್ಮನೆ ನೋಡಲು ಬಂದೆ ಎಂದು ಸುಳ್ಳು ಹೇಳಿದೆ. ಆಮೇಲೆ ಅವನ ಪಕ್ಕದಲ್ಲೇ ಕೂತು ಅವನ ಮೇಲೆ ಸವಾಲು ಕೂಗಿದೆ.

ಅವನು ಒಂದು ಸಲ ನನ್ನ ಮುಖ ನೋಡಿದ. ಮತ್ತೆರಡು ಸಲ ಕೂಗಿ ನಿಲ್ಲಿಸಿದ. "ಒಕಟೋಸಾರಿ, ರೆಂಡೋಸಾರಿ" ಎನ್ನುತ್ತ ಹರಾಜಿನವನು ಮೂರನೆಯದನ್ನು ಹೇಳಿ ಮುಗಿಸಿದಾಗ ನನ್ನ ಕಿವಿ ಬಿಸಿಯಾಗಿತ್ತು. ತೋಪು ನನ್ನದಾಯಿತು ಅನ್ನುವುದಕ್ಕಿಂತ ಅವನದಾಗಲಿಲ್ಲ ಅನ್ನುವುದೇ ನನಗೆ ದೊಡ್ಡದಾಗಿತ್ತು.

ಹೊರಗೆ ಅವನು ನನ್ನನ್ನು ಪಕ್ಕಕ್ಕೆ ಕರೆದ. "ಅಣ್ಣ, ಮರ ಚೆನ್ನಾಗವೆ. ಆದ್ರೆ ಒಬ್ರೇ ಹೊರಬ್ಯಾಡಿ. ಇದೇ ರೇಟ್ಗೆ ಅರ್ಧ ನಾವು ತಗಂತೀವಿ, ಇವತ್ತೇ ದುಡ್ಡು ಕೊಟ್ಬುಡ್ತೀವಿ."

ನನ್ನ ಅದೃಷ್ಟದಲ್ಲಿ ಅರ್ಧ ಕಿತ್ತುಕೊಳ್ಳಲು ಬಂದಿದ್ದಾನೆ ಅನ್ನಿಸಿತು. ಬೇಡ ಅಂದೆ.

ಫಸಲೇನೋ ಚೆನ್ನಾಗಿಯೇ ಬಂತು. ನನ್ನ ಅಂದಾಜಿಗಿಂತ ಹತ್ತು ಮೂಟೆ ಹೆಚ್ಚೇ ಇಳಿಯಿತು. ಆದರೆ ಆ ವರ್ಷ ಸುತ್ತ ಎಲ್ಲ ಕಡೆಯೂ ಹಾಗೇ ಬಂದಿತ್ತು; ಮಂಡಿಯ ಮುಂದೆ ಗಾಡಿಗಳ ಸಾಲು, ರೇಟು ವಾರವಾರಕ್ಕೂ ಕೆಳಗೆ. ಇಳಿದ ಹಣ್ಣನ್ನೆಲ್ಲ ಕೋಲ್ಡ್ ಸ್ಟೋರೇಜಿಗೆ ಹಾಕಿದೆ. "ಆಗು, ಉಗಾದಿ ತರ್ವಾತ ಪೆರುಗುತುಂದಿ," ಉಗಾದಿ ಕಳೆಯಲಿ, ಏರುತ್ತದೆ ಎಂದು ನಮ್ಮ ಸಾಹುಕಾರರೂ ಹೇಳಿದ್ದರು.

ಅಷ್ಟರಲ್ಲಿ ಬೆಳುಗುಪ್ಪದ ಕಡೆ ಆಲಿಕಲ್ಲು ಬಿದ್ದು ಷಡ್ಡಕನ ತೋಪು ಪೂರ್ತಿ ಹಾಳಾಯಿತು ಎಂದು ಸುದ್ದಿ ಬಂತು. ಕೇಳಿದ ಕೂಡಲೇ ನನಗಾದದ್ದು ಖುಷಿ. ಮಾತಾಡಿಸಿಕೊಂಡು ಬರುತ್ತೇನೆಂದು ಹೆಂಡತಿಗೆ ಹೇಳಿ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಬಾಡಿದ ಅವನ ಮುಖ ಹೇಗಿರುತ್ತದೆ ಎಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡೆ. ಸಮಾಧಾನದ ಮಾತುಗಳನ್ನೂ ಜೋಡಿಸಿಕೊಂಡಿದ್ದೆ.

ಅವನು ಶಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಕ್ರವೊಂದರ ಬೆಂಡು ತೆಗೆಯುತ್ತಿದ್ದ. ಮುಖ ಎಂದಿನಂತೆಯೇ ಇತ್ತು. ಟೀ ತರಿಸಿದ. ತೋಪಿನ ಮಾತೆತ್ತಿದೆ. ಈ ಸಲ ನಾಲ್ಕು ತೋಪು ಹಿಡಿದಿದ್ದರಂತೆ, ಹೋದದ್ದು ಒಂದು, ಅದರಲ್ಲೂ ಅವನದು ನಾಲ್ಕಾಣೆ, ಅಂದರೆ ಕಾಲು ಭಾಗದ ಪಾಲು. ಉಳಿದ ಕಡೆ ಸ್ವಲ್ಪ ಕಾಯಿದ್ದಾಗಲೇ ಮಾರಿ, ಸ್ವಲ್ಪ ಬಡಿದ ವಾರವೇ ಕೊಟ್ಟು, ಮಿಕ್ಕದ್ದನ್ನು ಮಾತ್ರ ಇಟ್ಟುಕೊಂಡಿದ್ದರು. ಆಲಿಕಲ್ಲು ಬೀಳುವುದು ನಿನಗೆ ಮೊದಲೇ ಗೊತ್ತಾಗಲಿಲ್ಲವೇ ಎಂದು ಚುಚ್ಚಿದೆ. ಅವನಿಗೆ ಚುಚ್ಚಲಿಲ್ಲ.

"ನಂಗೇನೂ ಗೊತ್ತಾಗಲ್ಲ ಅಣ್ಣ. ಹತ್ತು ಮರ ನೋಡಿದ್ರೆ ನಾಕು ಸುಳ್ಳಾಯ್ತವೆ. ಸುಳ್ಳಾಗಿದ್ದನ್ನ ಯಾರೂ ನೆಪ್ಪಿಟ್ಕಳಲ್ಲ."

"ಮಾವನ ಮನೇಲಿ ಹದಿನೆಂಟು ಅಂದಿದ್ದು?"

"ಬಾಯಿಗೆ ಬಂದಿದ್ದು ಅಂದ್ಬುಟ್ಟೆ. ಹನ್ನೆರಡು ಕಮ್ಮಿ ಆಯ್ತು ಅನ್ನುಸ್ತು, ಅಷ್ಟೇ."

ಅದೇ ಉಸಿರಿನಲ್ಲಿ, ನೀವು ಸ್ಟೋರೇಜಿನಲ್ಲಿ ಇಟ್ಟಿರುವುದರಲ್ಲಿ ಅರ್ಧವನ್ನಾದರೂ ಈ ವಾರ ಕೊಟ್ಟುಬಿಡಿ ಎಂದ. ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಮೊದಲಿಗಿಂತ ಹೆಚ್ಚು ಉರಿಯಿತು. ಇಷ್ಟು ವರ್ಷ ಅವನಿಗೊಂದು ವಿದ್ಯೆ ಇದೆ, ನನಗಿಲ್ಲ ಎಂದು ಕರುಬಿದ್ದೆ. ವಿದ್ಯೆಯೇ ಇರಲಿಲ್ಲ. ತನಗೆ ಗೊತ್ತಿಲ್ಲ ಅನ್ನುವುದನ್ನು ನಂಬಿಕೊಂಡು ಅವನು ಹಾಯಾಗಿದ್ದ. ಅವನ ಮಾತು ಅನ್ನುವ ಒಂದೇ ಕಾರಣಕ್ಕೆ ನಾನು ಒಂದು ಮೂಟೆಯನ್ನೂ ಮಾರಲಿಲ್ಲ.

ಉಗಾದಿ ಹೋಯಿತು, ಶ್ರಾವಣ ಹೋಯಿತು. ರೇಟು ಏಳಲಿಲ್ಲ. ಹೊಸ ಹಣ್ಣು ಬರುವ ಹೊತ್ತಿಗೆ ನನ್ನದು ಕಪ್ಪು ತಿರುಗಿತ್ತು. ಸಿಕ್ಕ ಬೆಲೆಗೆ ಕೊಟ್ಟು, ಸೈಟಿನ ಆಸೆ ಬಿಟ್ಟೆ. ಹೆಂಡತಿ ಬೈಯಲಿಲ್ಲ, ಎರಡು ತಿಂಗಳು ನನ್ನೊಂದಿಗೆ ಮಾತಾಡಲೂ ಇಲ್ಲ.

ಮುಂದಿನ ಕಾರ್ತಿಕದಲ್ಲಿ ಷಡ್ಡಕ ತಾನೇ ಹಿಂದೂಪುರಕ್ಕೆ ಬಂದು ಎರಡಾಣೆ ಪಾಲಿಗೆ ಕರೆದ. ಬೇರೆ ದಾರಿ ಇರಲಿಲ್ಲ, ಸೇರಿದೆ. ಆರೇಳು ವರ್ಷ ಒಟ್ಟಿಗೆ ತೋಪು ಹಿಡಿದೆವು. ದೊಡ್ಡದಾಗಿ ಬರಲಿಲ್ಲ, ದೊಡ್ಡದಾಗಿ ಹೋಗಲೂ ಇಲ್ಲ. ಊರಾಚೆ ಒಂದು ಸಣ್ಣ ಸೈಟೂ ಆಯಿತು.

ಒಂದು ವರ್ಷ ಮಾತ್ರ ಹಿಡಿದ ತೋಪುಗಳೆಲ್ಲ ಕಾಯಲ್ಲೇ ಕೈಕೊಟ್ಟವು. ಆ ಸಲ ಅವನ ಪಾಲೇ ಹೆಚ್ಚು, ನಷ್ಟವೂ ಅವನದೇ ಹೆಚ್ಚು. ಲೆಕ್ಕ ಮುಗಿಸಲು ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಬಡಿಸಿದ ಮುದ್ದೆ, ಹುಳಿಸೊಪ್ಪನ್ನು ಎರಡು ಸಲ ಹಾಕಿಸಿಕೊಂಡು ಉಂಡ. ಸ್ವಲ್ಪ ಅಡ್ಡಾಗಿ ಮೂರೂವರೆ ಬಸ್ಸಿಗೆ ಹೋಗುತ್ತೇನೆ ಎಂದು ನಡುಮನೆಯಲ್ಲಿ ಟವೆಲು ಹಾಸಿಕೊಂಡು ಮಲಗಿದ. ಎರಡು ನಿಮಿಷಕ್ಕೆ ಗೊರಕೆ. ನನಗೆ ಹೋದದ್ದು ಎರಡಾಣೆಯ ಭಾಗವಷ್ಟೇ. ಆದರೂ ಗೋಡೆಗೆ ಒರಗಿ ಕೂತು, ಅವನು ಹೇಗೆ ನಿದ್ದೆ ಮಾಡುತ್ತಾನೆ ಎಂದು ಮೂರೂವರೆಯವರೆಗೂ ನೋಡುತ್ತಲೇ ಇದ್ದೆ.