ರುಜು, ರುಜುವು

ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನನ್ನದು ಪರೀಕ್ಷಾ ವಿಭಾಗ. ಕ್ರೇನಿನ ಕೊಕ್ಕೆ, ಸರಪಳಿ, ಉಕ್ಕಿನ ಹಗ್ಗ ಇವುಗಳ ಮೇಲೆ ದಿನಾ ಹೊರುವುದಕ್ಕಿಂತ ಹೆಚ್ಚಿನ ಭಾರ ಹೇರಿ, ತಡೆಯುತ್ತವೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಆ ಭಾರಕ್ಕೆ ನಾವು ಪ್ರೂಫ್ ಲೋಡ್ ಎನ್ನುತ್ತೇವೆ. ನನ್ನ ಗಂಡ ಅದೇ ಟೌನ್‌ಶಿಪ್ಪಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಇಬ್ಬರೂ ಮೈಸೂರು ಕಡೆಯವರು. ಮನೆಯೊಳಗೆ ಕನ್ನಡ, ಬಾಗಿಲಾಚೆ ತೆಲುಗು, ಸಂಬಳಕ್ಕೆ ಇಂಗ್ಲಿಷ್ ಎಂದು ಬದುಕಿಕೊಂಡಿದ್ದೆವು.

ಅವರಿಗೊಂದು ಚಟ. ಯಾವ ಇಂಗ್ಲಿಷ್ ಪದ ಕಿವಿಗೆ ಬಿದ್ದರೂ ಅದರ ಜಾತಕ ತೆಗೆಯಬೇಕು. ಒಂದು ಸಂಜೆ ಊಟಕ್ಕೆ ಕೂತಾಗ ನಾನು ಪ್ರೂಫ್ ಲೋಡಿನ ಸುದ್ದಿ ಎತ್ತಿದ್ದೇ ತಪ್ಪಾಯಿತು.

"ನೋಡೇ, ಆ ಪದದ ಹಳೇ ಅರ್ಥನ ಇನ್ನೂ ಉಳಿಸ್ಕೊಂಡಿರೋರು ನಿಮ್ಮ ಕಾರ್ಖಾನೆಯೋರೇ. ಪ್ರೂವ್ ಅಂದ್ರೆ ಮೊದಲು ಸಾಬೀತು ಮಾಡೋದಲ್ಲ, ಪರೀಕ್ಷೆ ಮಾಡೋದು. ಲ್ಯಾಟಿನ್ನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬರೋವಾಗ ಹಾಗೇ ಇತ್ತು. ವಾಟರ್‌ಪ್ರೂಫ್ ಅಂದ್ರೆ ನೀರಿನ ಪರೀಕ್ಷೆ ಗೆದ್ದಿದ್ದು. ಬರ್ತಾ ಬರ್ತಾ ಪರೀಕ್ಷೆ ಮರೆತುಹೋಯ್ತು, ಗೆದ್ದಿದ್ದೊಂದೇ ಉಳೀತು."

"ಅನ್ನ ಆರ್ತಿದೆ ರೀ," ಎಂದೆ.

ಅನ್ನ ಆರಿದರೂ ಅವರು ನಿಲ್ಲಿಸಲಿಲ್ಲ. ಟೆಸ್ಟ್ ಅಂದರೆ ಮೂಲದಲ್ಲಿ ಮಣ್ಣಿನ ಕುಡಿಕೆಯಂತೆ. ಅದರಲ್ಲಿ ಬೆಳ್ಳಿ ಬಂಗಾರ ಕರಗಿಸಿ ಕಲಬೆರಕೆ ನೋಡುತ್ತಿದ್ದರಂತೆ. ಪಾತ್ರೆಯ ಹೆಸರು ಪರೀಕ್ಷೆಗೇ ಅಂಟಿಕೊಂಡಿತು. ಸಾಕ್ಷಿ ನುಡಿಯುವುದಕ್ಕೆ ಹೇಳುವ ಟೆಸ್ಟಿಫೈ ಅದರ ತಂಗಿಯಂತೆ ಕಂಡರೂ ಬೇರೆ ತಾಯಿಯ ಮಗಳು. ಇದನ್ನೆಲ್ಲ ಅವರು ಕೈತುತ್ತನ್ನು ಗಾಳಿಯಲ್ಲಿ ಹಿಡಿದೇ ಹೇಳುತ್ತಿದ್ದರು. ನನಗೆ ರೇಗುತ್ತಿತ್ತು. ಕೇಳದೆ ಇರಲೂ ಆಗುತ್ತಿರಲಿಲ್ಲ.

ನೀರಿನ ಫಿಲ್ಟರ್ ಮಾರುವವನು ಡೆಮೋ ಕೊಡಲು ಬಂದರೆ ಅವನಿಗೂ ಪಾಠ. ಡೆಮಾನ್‌ಸ್ಟ್ರೇಟ್ ಅನ್ನುವುದರೊಳಗೆ ಬೆಟ್ಟು ಮಾಡಿ ತೋರಿಸುವುದು ಇದೆ, ರಾಕ್ಷಸ ಅನ್ನುವ ಮಾನ್‌ಸ್ಟರ್ ಕೂಡ ಅದೇ ಮನೆತನದ್ದು, ಮೊದಲು ಗಣಿತದವರು ತರ್ಕದಿಂದ ತೋರಿಸುತ್ತಿದ್ದರು, ಆಮೇಲೆ ಜನ ಬೀದಿಗಿಳಿದು ತೋರಿಸಿದರು, ಈಗ ನೀನು ಬಕೆಟ್ಟು ತಂದು ತೋರಿಸುತ್ತಿದ್ದೀಯ ಎಂದು. ಅವನು ಫಿಲ್ಟರ್ ಮಾರದೆ ಕಾಫಿ ಕುಡಿದು ಹೋದ. ಭಾನುವಾರ ಋಷಿಕೊಂಡದ ಕಡಲತೀರಕ್ಕೆ ಹೋದರೆ ಅಲ್ಲೂ ಬಿಡುವಿಲ್ಲ. ಶೋ ಅನ್ನುವ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ನೋಡು ಎಂಬ ಅರ್ಥವಿತ್ತು, ನೋಡುತ್ತಿದ್ದ ಪದವೇ ತೋರಿಸುವ ಪದವಾಯಿತು ಎಂದು ಅಲೆಗಳ ಸದ್ದಿಗಿಂತ ಜೋರಾಗಿ ಹೇಳಿದ್ದರು.

ಮೊಬೈಲ್ ಆಗತಾನೇ ಎಲ್ಲರ ಜೇಬಿಗೂ ಬಂದಿದ್ದ ಕಾಲ. ಅವರ ಫೋನಿನಲ್ಲಿ ನನ್ನ ನಂಬರಿಗೆ 'ಎಕ್ಸಾಮಿನರ್' ಎಂದು ಹೆಸರಿಟ್ಟಿದ್ದರು. ತಕ್ಕಡಿಯ ನಡುವಿನ ಮುಳ್ಳಿಗೆ ಲ್ಯಾಟಿನ್ನಿನಲ್ಲಿ ಇದ್ದ ಹೆಸರಿನಿಂದ ಬಂದ ಪದವಂತೆ. ನನ್ನನ್ನು ಸದಾ ತೂಗಿ ನೋಡುವವಳು ಎಂದು ಛೇಡಿಸುವುದಕ್ಕೆ ಅವರಿಗೆ ಅದು ಸಾಕಾಗಿತ್ತು.

ಒಂದು ಬೇಸಿಗೆಯಲ್ಲಿ ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಲು ಅವರು ವಿಜಯವಾಡಕ್ಕೆ ಹೋದರು. ಜೊತೆಗೆ ಅವರ ಶಾಲೆಯ ತೆಲುಗು ಮೇಷ್ಟ್ರು. ಭವಾನಿಪುರಂನಲ್ಲಿದ್ದ ಆ ಮೇಷ್ಟ್ರ ನೆಂಟರ ಮನೆಯಲ್ಲಿ ಇಬ್ಬರೂ ಇಳಿದುಕೊಂಡಿದ್ದರು. ಒಂದು ಬೆಳಿಗ್ಗೆ ನಾನು ಕೆಲಸದಲ್ಲಿದ್ದಾಗ ಅವರ ನಂಬರಿನಿಂದ ಫೋನ್ ಬಂತು. ದನಿ ಬೇರೆಯವರದು.

"ಎಗ್ಜಾಮಿನರ್‌ ಗಾರಾ ಅಂಡಿ?"

ನಾನು ಪರೀಕ್ಷಾ ವಿಭಾಗದವಳಲ್ಲವೇ, ಅಭ್ಯಾಸಬಲದಿಂದ ಹೌದು ಎಂದುಬಿಟ್ಟೆ. ಬೆಂಜ್ ಸರ್ಕಲ್ ಹತ್ತಿರ ಒಬ್ಬ ಮೇಷ್ಟ್ರು ಕುಸಿದು ಬಿದ್ದಿದ್ದಾರೆ, ನಮ್ಮ ಆಸ್ಪತ್ರೆಗೆ ತಂದು ಸೇರಿಸಿದ್ದಾರೆ, ಸೀರಿಯಸ್ಸು, ಬನ್ನಿ ಎಂದರು. ಸಿಕ್ಕಿದ ರೈಲು ಹತ್ತಿದೆ. ಗೋದಾವರಿ ದಾಟಿದ್ದು ಗೊತ್ತಾಗಲೇ ಇಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಕೌಂಟರಿನ ಹಿಂದೆ ಕೂತಿದ್ದ ಅಧಿಕಾರಿ ಕೆಟ್ಟವರೇನಲ್ಲ. ಗಂಡನನ್ನು ನೋಡಬೇಕು ಎಂದಾಗ, "ರುಜುವು ಉಂದಾ ಅಮ್ಮಾ?" ಎಂದು ಕೇಳಿದರು.

ನಮ್ಮಲ್ಲಿ ರುಜು ಎಂದರೆ ಸಹಿ. ಅಷ್ಟು ವರ್ಷ ತೆಲುಗಿನ ನಡುವೆ ಇದ್ದವಳಿಗೆ ಆ ಹೊತ್ತಿನಲ್ಲಿ ಕನ್ನಡ ಬಿಟ್ಟು ಬೇರೇನೂ ತಲೆಗೆ ಹೋಗಲಿಲ್ಲ. ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡು ಕೆಳಗೆ ಸಹಿ ಹಾಕಿ ಕೊಟ್ಟೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು.

"ಸಂತಕಂ ಕಾದಮ್ಮಾ. ಆಯನ ಮೀ ಭರ್ತ ಅನಿ ರುಜುವು ಕಾವಾಲಿ."

ಸಹಿಯಲ್ಲ, ಅವರು ನನ್ನ ಗಂಡ ಎನ್ನುವುದಕ್ಕೆ ರುಜುವಾತು ಬೇಕಿತ್ತು. ಅವರ ಬ್ಯಾಗನ್ನು ಬಿದ್ದ ಜಾಗದಲ್ಲೇ ಯಾರೋ ಎತ್ತಿಕೊಂಡು ಹೋಗಿದ್ದರು. ನನ್ನ ಕಾರ್ಖಾನೆಯ ಕಾರ್ಡು ಮದುವೆಗೆ ಮುಂಚಿನದು, ಅದರಲ್ಲಿ ನನ್ನ ತಂದೆಯ ಹೆಸರಿತ್ತು. ಜೊತೆಗೆ ಆ ಫೋನಿನಲ್ಲಿ ನಾನು ಎಕ್ಸಾಮಿನರ್. ನಾನೇ ಬಾಯಿಬಿಟ್ಟು ಹೌದು ಎಂದಿದ್ದೆ. ಪೇಪರ್ ತಿದ್ದುವ ಕಡೆಯಿಂದ ಬಂದ ಯಾರೋ ಮೇಡಂ ಈಗ ಹೆಂಡತಿ ಎನ್ನುತ್ತಿದ್ದಾಳೆ, ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ. ಆ ಕುರ್ಚಿಯಲ್ಲಿ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ.

ತೆಲುಗು ಮೇಷ್ಟ್ರಿಗೆ ಫೋನ್ ಮಾಡಿದೆ. ತಿದ್ದುವ ಕೋಣೆಯೊಳಗೆ ಮೊಬೈಲ್ ಬಿಡುತ್ತಿರಲಿಲ್ಲವಾದ್ದರಿಂದ ಅವರದು ಬಂದಾಗಿತ್ತು. ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ ಬೆಂಚಿನ ಮೇಲೆ ಕಾದೆ. ದುಃಖ ಬರಲಿಲ್ಲ. ಏನೂ ಬರಲಿಲ್ಲ. ಫ್ಯಾನಿನ ಗಾಳಿ ಬಿಸಿಯಾಗಿತ್ತು, ಅದು ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೊಟ್ಟ ಮಜ್ಜಿಗೆ ಕುಡಿದೆ, ಉಪ್ಪು ಹೆಚ್ಚಾಗಿದೆ ಅನ್ನಿಸಿತು. ಬಂದದ್ದು ಅವರ ಮಾತು ಮಾತ್ರ. ಎವಿಡೆನ್ಸ್ ಅನ್ನುವುದರಲ್ಲಿ ನೋಡುವುದು ಅಡಗಿದೆ, ಮೊದಲು ಅದಕ್ಕೆ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಎಂದಷ್ಟೇ ಅರ್ಥ, ಕೋರ್ಟಿಗೆ ಹೊತ್ತು ತರುವ ಸಾಮಾನು ಆದದ್ದು ಆಮೇಲೆ; ನಮ್ಮ ಸಾಕ್ಷಿಯಲ್ಲೂ ಅಕ್ಷಿ ಇದೆಯಲ್ಲೇ, ಕಣ್ಣು ಇದ್ದವನೇ ಸಾಕ್ಷಿ. ಪಾಠ ಮಾಡುವ ಅದೇ ದನಿಯಲ್ಲಿ. ಹೌದು ರೀ ಎಂದುಕೊಂಡು ಕೇಳಿಸಿಕೊಂಡೆ. ಮಧ್ಯೆ ಮಧ್ಯೆ ಎದ್ದು ಕೌಂಟರಿಗೆ ಹೋಗಿ, ಹೆಂಡತಿಯೇ ಸರ್, ನಂಬಿ ಎಂದು ಹೇಳಿ ಬರುತ್ತಿದ್ದೆ. ನನಗೆ ಬೇಕಿದ್ದದ್ದು ಅವರನ್ನು ಊರಿಗೆ ಕರೆದುಕೊಂಡು ಹೋಗುವುದು, ಅಷ್ಟೇ.

ಸಂಜೆ ಹೊತ್ತಿಗೆ ತೆಲುಗು ಮೇಷ್ಟ್ರು ಬೆವರಿಕೊಂಡು ಓಡಿ ಬಂದರು. ಅಧಿಕಾರಿ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಬಟ್ಟೆ ಸರಿಸಿದರು. ಮೇಷ್ಟ್ರು ಗೋಡೆ ಹಿಡಿದು ಮಗುವಿನ ಹಾಗೆ ಅತ್ತರು. ನಾನು ನೋಡಿದೆ. ಬೆಳಿಗ್ಗೆ ಬಾಚಿದ ಕ್ರಾಪು ಕೆಡದೆ ಹಾಗೇ ಇತ್ತು.

"ಈವಿಡ ಎವರು?" ಈಕೆ ಯಾರು ಎಂದು ನನ್ನ ಕಡೆ ತೋರಿಸಿ ಅಧಿಕಾರಿ ಕೇಳಿದರು.

"ವಾರಿ ಭಾರ್ಯೇನಂಡಿ," ಎಂದರು ಮೇಷ್ಟ್ರು, ಅಳುತ್ತಲೇ. ಅವರು ಅತ್ತದ್ದಕ್ಕೆ ಅಧಿಕಾರಿ ನನ್ನನ್ನು ನಂಬಿದರು.

ಅಧಿಕಾರಿ ನನ್ನ ಕಡೆ ತಿರುಗಿದರು. ಆಗ ಮಾತ್ರ ಅವರ ಮುಖ ಮೆತ್ತಗಾಯಿತು. "ಸರೇನಮ್ಮಾ, ರುಜುವೈಂದಿ. ತೀಸ್ಕೆಳ್ಳಂಡಿ," ಎಂದರು. ರುಜುವಾಯಿತು, ಕರೆದುಕೊಂಡು ಹೋಗಿ.

ಮಧ್ಯಾಹ್ನದಿಂದ ನಾನು ಬೇಡುತ್ತಿದ್ದದ್ದು ಅದನ್ನೇ. ನಾನು ಹೆಂಡತಿ ಎಂದು ಅವರು ಒಪ್ಪುವ ತನಕ ಒಳಗಿದ್ದ ಹೆಣ ಯಾರದೋ ಆಗಿರಬಹುದಿತ್ತು ಎಂದು ಆಗ ಹೊಳೆಯಿತು. ಹೆದರಿಕೆಯಾಯಿತು. ಅಧಿಕಾರಿಯ ತೋಳು ಹಿಡಿದುಕೊಂಡೆ.

"ಇನ್ನೊಂದ್ಸಲ ಸರಿಯಾಗಿ ನೋಡಿ ಸರ್. ನಾನು ಹೆಂಡತಿ ಅಲ್ದೇ ಇರಬಹುದು."

ಕನ್ನಡದಲ್ಲಿ ಹೇಳಿದ್ದೆ.

"ಏಮನ್ನಾರಮ್ಮಾ?" ಏನಂದಿರಿ ಎಂದು ಅವರು ಬಗ್ಗಿ ಕೇಳಿದರು.

"ಏಂ ಲೇದಂಡಿ," ಎಂದೆ. ಏನಿಲ್ಲ.