ಹರಳೆಣ್ಣೆ ಕುಡಿದ ಸ್ವೀಡ್ ಚೀಲ

ಬೆಳಿಗ್ಗೆ ಎಂಟಕ್ಕೆ ಮಧುಗಿರಿಯಲ್ಲಿ ಶಿರಾ ಬಸ್ಸು ಹತ್ತಿದಾಗ ನನ್ನ ಮಡಿಲ ಗಂಟಿನಲ್ಲಿ ನಾದಿನಿ ಲಲಿತಳ ಸ್ವೀಡ್ ಚರ್ಮದ ಚೀಲವಿತ್ತು. ಗೃಹಪ್ರವೇಶಕ್ಕೆ ತಡವಾಗಿ ಕರೆದೆವೆಂದು ಎರಡು ವರ್ಷ ಮಾತು ಬಿಟ್ಟಿದ್ದವಳು ಹೋದ ತಿಂಗಳಷ್ಟೇ ರಾಜಿಯಾಗಿ, ಮದುವೆಯೊಂದಕ್ಕೆ ಹಿಡಿದುಕೊಂಡು ಹೋಗಿ ಎಂದು ತಾನೇ ಕೊಟ್ಟಿದ್ದಳು. ಸಂಜೆಯೊಳಗೆ ಕೊರಟಗೆರೆಯ ಅವಳ ಮನೆಗೆ ತಲುಪಿಸಬೇಕು. ನಾನೆಂಥ ಜಾಣೆ ನೋಡಿ! ನಮ್ಮಪ್ಪ ಹೊಸ ಎಕ್ಕಡಕ್ಕೆ ಹರಳೆಣ್ಣೆ ಸವರುತ್ತಿದ್ದರಲ್ಲ, ಚರ್ಮ ಮೆತ್ತಗಿರಲೆಂದು ನಿನ್ನೆ ಇದಕ್ಕೂ ಸವರಿದೆ. ಜೇನುಬಣ್ಣದ ಚೀಲ ಕಪ್ಪಿಟ್ಟಿತು. ಇನ್ನು ಈ ಜನ್ಮದಲ್ಲಿ ಅವಳು ನನ್ನನ್ನು ಮಾತಾಡಿಸುವುದಿಲ್ಲ ಎನಿಸಿ, ರಿಪೇರಿಯವರನ್ನು ಹುಡುಕಿಕೊಂಡು ಶಿರಾಕ್ಕೆ ಹೊರಟಿದ್ದೆ.

ಆಧಾರ್ ತೋರಿಸಿದ್ದರಿಂದ ಟಿಕೆಟ್ಟಿಗೆ ಕಾಸಿಲ್ಲ. ಬಡವನಹಳ್ಳಿ ಹತ್ತಿರ ಸೋನೆ ಹಿಡಿಯಿತು. ಗಂಟನ್ನು ಸೆರಗಿನೊಳಗೆ ಅವುಚಿಕೊಂಡೆ. ಪಕ್ಕದಲ್ಲಿದ್ದ ದೊಡ್ಡೇರಿಯ ಹೆಂಗಸು ಕೂಸಿರಬೇಕೆಂದು ಇಣುಕಿ ನೋಡಿ, ನಿರಾಸೆಯಿಂದ ಕಡಲೆಕಾಯಿ ಸುಲಿಯತೊಡಗಿದಳು.

ಶಿರಾದಲ್ಲಿ ಚರ್ಮದ ಚೀಲ, ಶೂ ರಿಪೇರಿ ಮಾಡುವ ಇಮಾಮ್ ಸಾಬರ ಅಂಗಡಿ ಹುಡುಕಿದೆ. ಅವರು ಚೀಲದ ಮೇಲೆ ಬೆರಳೆಳೆದರು. ಎಣ್ಣೆ ತಾಗದ ಕಡೆ ಗೆರೆ ಮೂಡಿತು, ಎಣ್ಣೆಯ ಕಡೆ ಮೂಡಲಿಲ್ಲ.

"ಇದು ಚಪ್ಪಲಿ ಚರ್ಮ ಅಲ್ಲ ಕಣಮ್ಮ. ತೊಗಲಿನ ಒಳಮೈ ಉಜ್ಜಿ ಕೂದಲಿನಂಗೆ ನವಿರು ಎಬ್ಬಿಸವ್ರೆ. ಎಣ್ಣೆ ಬಿದ್ರೆ ನವಿರು ಮಲಗ್ಬುಡ್ತದೆ."

ಸೀಮೆಸುಣ್ಣದ ಪುಡಿ ಉದುರಿಸಿ, ಕಾಗದ ಒತ್ತಿಟ್ಟು, ಒಣ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿದರು. ಹೀಗೆ ನಾಲ್ಕು ಸಲ. ನಡುವೆ ನಾನು ಚಿತ್ರಾನ್ನ ತಿಂದು ಬಂದೆ. ಶೂ, ಜಾಕೆಟ್, ಕೈಗವಸು ಎಲ್ಲ ಈ ಚರ್ಮದಲ್ಲಿ ಮಾಡುತ್ತಾರೆ, ಮೈಗೆ ಹಿತ, ಆದರೆ ನೀರು ಎಣ್ಣೆ ಎರಡೂ ಆಗದು ಎಂದರು. ಮಧ್ಯಾಹ್ನ ಮೂರಕ್ಕೆ ಜೇನುಬಣ್ಣ ಮರಳಿತು. ಅಬ್ಬಾ, ಹೋದ ಜೀವ ಬಂತು! ಆದರೆ ಚೀಲದ ತಳದಲ್ಲಿ ಹೆಬ್ಬೆಟ್ಟಿನಗಲ ಕಲೆಯೊಂದು ಉಳಿದಿತ್ತು. ಅದು ಹಳೆಯದು, ಹೋಗುವುದಿಲ್ಲ ಎಂದರು ಸಾಬರು. ನಾನಂತೂ ತಳಕ್ಕೆ ಎಣ್ಣೆ ಮುಟ್ಟಿಸಿರಲಿಲ್ಲ. ಲಲಿತ ನಂಬಬೇಕಲ್ಲ!

ಕೊರಟಗೆರೆ ಮುಟ್ಟುವಾಗ ಮಳೆ ನಿಂತಿತ್ತು. ಸುಳ್ಳು ಹೇಳಲು ನಾಲಿಗೆ ಏಳದೆ, ಕಾಫಿ ಲೋಟ ಹಿಡಿದೇ ಎಲ್ಲ ಒಪ್ಪಿಕೊಂಡೆ. ಲಲಿತ ಚೀಲವನ್ನು ತಿರುಗಿಸಿ, ತಳದ ಕಲೆಯ ಮೇಲೆ ಹೆಬ್ಬೆಟ್ಟಿಟ್ಟಳು.

"ಇದು ನಂದು ಕಣತ್ತಿಗೆ. ಕೊಂಡ ದಿನವೇ ನಾನೂ ಹರಳೆಣ್ಣೆ ಹಚ್ಚಿದ್ದೆ. ನೀವು ನೋಡಿ ನಗ್ತೀರೇನೋ ಅಂತ ಕೊಡುವಾಗ ಹೆದರಿದ್ದೆ."

ಕೊನೆಯ ಬಸ್ಸಿನವರೆಗೂ ನಮ್ಮ ಮಾತು ಮುಗಿಯಲಿಲ್ಲ.