ಮೆಹಬೂಬಿಯವರ ಹಿಮ್ಮಡಿ

ಇಂದು ಬೆಳಿಗ್ಗೆ ಸಪ್ತಾಪುರದ ಕಾಯಿಪಲ್ಲೆ ಅಂಗಡಿಯ ಮುಂದೆ ಒಬ್ಬಾಕೆಯ ಹಿಮ್ಮಡಿ ಕಂಡು ಗಕ್ಕನೆ ನಿಂತುಬಿಟ್ಟೆ. ಮುಖ ನೋಡಿದರೆ ಬೇರೆ ಯಾರೋ. ಮನುಷ್ಯರನ್ನು ಹಿಮ್ಮಡಿಯಿಂದ ಗುರುತಿಸುವ ಈ ವಿಚಿತ್ರ ಅಭ್ಯಾಸ ನನಗೆ ಭರತನಾಟ್ಯದಿಂದ ಬಂತು. ನಗಬೇಡಿ, ನಲವತ್ತಾರನೆಯ ವಯಸ್ಸಿನಲ್ಲಿ ಸೊಂಟಕ್ಕೆ ದುಪಟ್ಟಾ ಬಿಗಿದು ನಾನೂ ಕಲಿಯಲು ಹೋಗಿದ್ದೆ.

ನಮ್ಮದು ದೊಡ್ಡವರ ಕ್ಲಾಸು. ಗೋಡೆಯಗಲದ ಕನ್ನಡಿಗೆ ಮುಖ ಮಾಡಿ ಎರಡು ಸಾಲಾಗಿ ನಿಲ್ಲುತ್ತಿದ್ದೆವು. ಕಲಿಸುವವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದೆವು. ಮೊದಲ ಆರು ತಿಂಗಳು ಅವರು ಹೇಳಿಕೊಟ್ಟದ್ದು ಇಷ್ಟೇ: ಮೊಣಕಾಲು ಬಗ್ಗಿಸಿ ಅರ್ಧ ಕೂರುವುದು, ಕಾಲು ತಟ್ಟುವುದು, ಚಾಚುವುದು, ಏಳುವುದು. ಬಿಡಿಬಿಡಿಯಾಗಿ ಎಲ್ಲವೂ ಬರುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಎಡಗಾಲು ಯಾವುದು, ಬಲಗಾಲು ಯಾವುದು ಎಂಬುದೇ ಮರೆತುಹೋಗುತ್ತಿತ್ತು. ಆಗ ನನ್ನನ್ನು ಕಾಪಾಡುತ್ತಿದ್ದುದು ಮುಂದಿನ ಸಾಲಿನ ಮೆಹಬೂಬಿಯವರ ಹಿಮ್ಮಡಿ. ಅವರು ಲಕಮನಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಮಷೀನು ತುಳಿದ ಕಾಲು ತಾಳ ತಪ್ಪಲಾರದೆಂದು ನನ್ನ ನಂಬಿಕೆ. ಅದು ಎದ್ದರೆ ನನ್ನದೂ ಏಳುತ್ತಿತ್ತು.

ವಾರ್ಷಿಕೋತ್ಸವಕ್ಕೆ ಆರಿಸುವ ದಿನ ಅಕ್ಕಾರು, "ಎಲ್ಲಾರೂ ಕನ್ನಡಿಗೆ ಬೆನ್ನ ಮಾಡಿ ನಿಂದರ್ರಿ," ಎಂದುಬಿಟ್ಟರು. ಹಿಂದಿನ ಸಾಲೇ ಮುಂದಿನದಾಯಿತು. ಸ್ಟೇಜಿನ ಮೇಲೆ ಕುಣಿಯುತ್ತೇನೆಂದು ಆಫೀಸಿಗೆಲ್ಲ ಡಂಗುರ ಸಾರಿದ್ದ ನಾನು, ತಟ್ಟುವುದು ಮುಗಿದು ಚಾಚುವುದು ಬಂದಾಗ ಕಂಬದಂತೆ ನಿಂತೆ. ನನ್ನ ಹಿಂದೆ ಇನ್ನೊಂದು ಜೊತೆ ಕಾಲೂ ನಿಂತಿತು.

"ನೀವ್ಯಾಕ ನಿಂತ್ರಿ, ಮೆಹಬೂಬಿ?"

"ನಾ ದಿನಾ ಕನ್ನಡ್ಯಾಗ ಇವರನ್ನ ನೋಡಿ ಮಾಡ್ತಿದ್ನ್ರಿ ಅಕ್ಕಾರ. ಈಗ ಇವರ ನಿಂತಬಿಟ್ರಲ್ಲ!"

ಕೋಣೆಯೆಲ್ಲ ನಕ್ಕಿತು. ಅಕ್ಕಾರು ನಮ್ಮಿಬ್ಬರ ಭುಜ ಹಿಡಿದು, "ಭಾರ ಪೂರಾ ಒಂದ ಕಾಲಿಗೆ ಬರೂತನಕ ಇನ್ನೊಂದನ್ನ ಎತ್ತಬ್ಯಾಡ್ರಿ. ಮುಂದಿನ ವರ್ಷ ಸ್ಟೇಜ್ ಹತ್ತೀರಂತ," ಎಂದರು. ಮೆಹಬೂಬಿಯವರು ಇನ್ನೂ ನಗುತ್ತಲೇ ಇದ್ದರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು. ಮರುದಿನದಿಂದ ಹೋಗಲಿಲ್ಲ, ಮೆಹಬೂಬಿಯವರಿಗೂ ಒಂದು ಮಾತು ಹೇಳಲಿಲ್ಲ. ಇದಾಗಿ ಮೂರು ವರ್ಷ.

ಇಂದು ಅಂಗಡಿಯಿಂದ ಮನೆಗೆ ಬಂದವಳೇ ಮೆಹಬೂಬಿಯವರಿಗೆ ಫೋನು ಮಾಡಿದೆ. ಕುಶಲ ವಿಚಾರಿಸಿ, "ಆಮ್ಯಾಲೆ ಸ್ಟೇಜ್ ಮ್ಯಾಲ ಕುಣದ್ರೇನ್ರಿ?" ಎಂದು ಕೇಳಿದೆ.

ಆ ಕಡೆ ಮಷೀನಿನ ಸದ್ದು ನಿಂತಿತು. "ಎಲ್ಲಿ ಕುಣಿಯೂದ್ರಿ. ನಾಕ ದಿನ ಹೋದ್ನ್ರಿ. ಕನ್ನಡ್ಯಾಗ ನೀವ ಇರಲಿಲ್ಲ. ನಾನೂ ಬಿಟ್ನಿ."

ಅವಮಾನ ನನ್ನೊಬ್ಬಳದೇ ಎಂದುಕೊಂಡು ಇಬ್ಬರ ಕುಣಿತವನ್ನೂ ನಿಲ್ಲಿಸಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಉಕ್ಕಿತು.

"ಅಕ್ಕಾರ ಕ್ಲಾಸು ಇನ್ನೂ ನಡದೈತ್ರಿ. ಸಂಜಿಕೆ ತಯಾರಾಗ್ರಿ, ನಾನ ಸ್ಕೂಟಿ ತರ್ತೇನಿ," ಎಂದೆ.

"ಬರ್ತೇನ್ರಿ. ಆದ್ರ ಮುಂದ ಯಾರ ನಿಂದ್ರೂದು?"

"ಬಾಜೂ ಬಾಜೂಕ ನಿಂದ್ರೂಣ್ರಿ," ಎಂದೆ.